ಬಸ್ಸಿನ ಕಾಲೇಜು, ರೈಲಿನ ಕಾಲೇಜು

ಮನೆ, ಅಡುಗೆಮನೆಯ ಮೇಜು
ಜೂನ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಚೂಟಿಯಪ್ಪಾ,

ಹೇಗಿದ್ದೀಯ? ಮೊದಲು ನಿನ್ನ ಸೊಂಟದ ವಿಷಯ ಹೇಳು. ಕಳೆದ ಸಲ ಫೋನಿನಲ್ಲಿ "ಈಗ ಪರವಾಗಿಲ್ಲ" ಅಂದೆಯಲ್ಲ, ಆ ಪರವಾಗಿಲ್ಲ ಯಾವ ನಮೂನೆಯದು ಎಂದು ನನಗೆ ಗೊತ್ತು. ಬಗ್ಗುವಾಗ ನೋವಿದೆ, ಆದರೆ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎನ್ನುವ ಪರವಾಗಿಲ್ಲ ಅದು. ಭಾರ ಎತ್ತುವಾಗ ಇನ್ನೊಬ್ಬರನ್ನು ಕರೆ. ಹಡಗಿನ ಎಂಜಿನ್ ಕೋಣೆಯಲ್ಲಿ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೀಯ ತಾನೇ? ಹೋದ ರಜೆಯಲ್ಲಿ ಮನೆಯವರೆಲ್ಲ ಕಿವುಡರೆಂಬಂತೆ ಕೂಗಿ ಮಾತನಾಡುತ್ತಿದ್ದೆ. ಕೆಳಮನೆಯ ಫೋಟೋ ಸ್ಟುಡಿಯೋದವರು ನಾವು ಜಗಳವಾಡುತ್ತಿದ್ದೇವೆಂದು ಬಾಗಿಲು ತಟ್ಟಿದಾಗ ನಾವು ಜಗಳವಾಡುತ್ತಿರಲಿಲ್ಲ, ಪರದೆಗೆ ಯಾವ ಬಣ್ಣ ಎಂದು ಮಾತನಾಡುತ್ತಿದ್ದೆವು.

ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಮಂಡಿ ಬೆಳಿಗ್ಗೆ ಮುಷ್ಕರ ಹೂಡುತ್ತದೆ, ಹತ್ತು ಗಂಟೆಯ ಮೇಲೆ ಕೆಲಸಕ್ಕೆ ಹಾಜರಾಗುತ್ತದೆ. ಚೂಟಿಯ ಮುಂದಿನ ಹಲ್ಲುಗಳೆರಡೂ ಬಿದ್ದು, ಬಾಯಲ್ಲಿ ಗಾಳಿ ಜಾಸ್ತಿ, ಮಾತು ಅದಕ್ಕಿಂತ ಜಾಸ್ತಿ. ನನಗೆ ಸ್ವಲ್ಪ ನಿದ್ದೆ ಕಡಿಮೆಯಾಗಿದೆ, ಅಷ್ಟೇ. ಅದಕ್ಕೆ ಕಾರಣವನ್ನೇ ಈಗ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ವಿಷಯ ತುಂಡು ತುಂಡಾಗಿ ಹೇಳುವಂಥದ್ದಲ್ಲ. ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ಲೈನು ಕಡಿಯುತ್ತದೆ, ಇಲ್ಲವೇ ನಿನ್ನ ಪಾಳಿಯ ಗಂಟೆ ಹೊಡೆಯುತ್ತದೆ. ಪತ್ರವಾದರೆ ನೀನು ಕೊನೆಯವರೆಗೆ ಓದಲೇಬೇಕು.

ಎರಡೂ ಪಶುವೈದ್ಯ ಕಾಲೇಜುಗಳಲ್ಲಿ ಸೀಟು ಸಿಕ್ಕಿರುವುದು ನಿನಗೆ ಗೊತ್ತು. ಒಂದು ಸಿಕ್ಕರೆ ಸಾಕೆಂದು ಅರ್ಜಿ ಹಾಕಿದವಳಿಗೆ ಎರಡು ಸಿಕ್ಕಿದ್ದು ಪಜೀತಿಯೇ ಆಯಿತು. ಒಂದೇ ಸಿಕ್ಕಿದ್ದರೆ ಖುಷಿಯಿಂದ ಸೇರಿಬಿಡುತ್ತಿದ್ದೆ, ಈ ಪತ್ರವೂ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಚೂಟಿ ಅವಕ್ಕೆ ತನ್ನದೇ ಹೆಸರಿಟ್ಟಿದ್ದಾಳೆ. ಮನೆಯ ಹತ್ತಿರದ್ದು ಬಸ್ಸಿನ ಕಾಲೇಜು, ಬೆಟ್ಟದ ಆಚೆಯದು ರೈಲಿನ ಕಾಲೇಜು. ಮನೆಯಲ್ಲೀಗ ಎಲ್ಲರೂ ಹಾಗೆಯೇ ಕರೆಯುತ್ತಾರೆ. ನಿನ್ನನ್ನು ಕೇಳಿದಾಗ "ನಿನಗೆ ಯಾವುದು ಸರಿಯೋ ಅದು" ಅಂದೆ. ಒಳ್ಳೆಯ ಮಾತೇ. ಆದರೆ ಉಪ್ಪು ನೋಡಿ ಹೇಳು ಎಂದು ಸೌಟು ಚಾಚಿದರೆ, ಬಾಯಿಗಿಡದೆ "ಚೆನ್ನಾಗಿದೆ" ಅಂದ ಹಾಗಿತ್ತು. ಹಾಗಾಗಿ ಎರಡನ್ನೂ ಕಣ್ಣಾರೆ ನೋಡಿ ಬರೋಣವೆಂದು ಹೊರಟೆ.

ಬಸ್ಸಿನ ಕಾಲೇಜಿಗೆ ಅತ್ತೆ ನಾನೂ ಬರುತ್ತೇನೆಂದು ಹಟ ಹಿಡಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಊರಿನವರ ಮಾತು ಜೋಡಿಸಿದವರಿಗೆ ಸೊಸೆಯ ಕಾಲೇಜು ಯಾವುದೆಂದು ನೋಡುವ ಹಕ್ಕಿಲ್ಲವೇ ಎಂದು ಕೇಳಿದರು. ಹಕ್ಕಿದೆ. ಇಬ್ಬರೂ ಹೋದೆವು. ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತದೆ. ಒಳಗೆ ಹೋದರೆ ನೆಲ ಎಷ್ಟು ಸ್ವಚ್ಛವೆಂದರೆ ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿಯಲು ಹೊರಟಿದ್ದರು. ಗಾಜಿನ ಗೋಡೆಯ ಹಿಂದೆ ಶಸ್ತ್ರಚಿಕಿತ್ಸೆ ನಡೆಯುತ್ತದೆ, ವಿದ್ಯಾರ್ಥಿಗಳು ಹೊರಗೆ ಮೆಟ್ಟಿಲು ಮೆಟ್ಟಿಲಾದ ಬೆಂಚುಗಳಲ್ಲಿ ಕುಳಿತು ದೊಡ್ಡ ಪರದೆಯಲ್ಲಿ ನೋಡುತ್ತಾರೆ. ನಾವು ಹೋದಾಗ ಒಂದು ಬೆಕ್ಕಿನ ಮುರಿದ ದವಡೆಗೆ ತಂತಿ ಕಟ್ಟುತ್ತಿದ್ದರು. ಪರದೆಯ ಮೇಲೆ ಆ ದವಡೆ ನಮ್ಮ ಬಾಗಿಲಷ್ಟು ದೊಡ್ಡದು. ನಮ್ಮ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು, ನಾನು ಟಾರ್ಚು ಹಿಡಿದು ಮಾಡುವ ಕೆಲಸ ಅದು. ನಿಜ ಹೇಳಬೇಕೆಂದರೆ ನನಗೆ ಆಸೆಯಾಯಿತು.

ಇನ್ನೊಂದು ಕೋಣೆಯಲ್ಲಿ ಪ್ಲಾಸ್ಟಿಕ್ಕಿನ ನಾಯಿಗಳಿವೆ. ಉಸಿರಾಡುತ್ತವೆ, ಎದೆ ಬಡಿದುಕೊಳ್ಳುತ್ತದೆ. ಗುಂಡಿ ತಿರುಗಿಸಿದರೆ ಕಾಯಿಲೆ ಬದಲಾಗುತ್ತದೆ. ತೋರಿಸುತ್ತಿದ್ದ ವಿದ್ಯಾರ್ಥಿನಿ ಅತ್ತೆಯ ಕಿವಿಗೂ ಸ್ಟೆತಸ್ಕೋಪು ಕೊಟ್ಟಳು. ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, "ಇದಕ್ಕೇನೂ ಆಗಿಲ್ಲ, ಮನೆಗೆ ಕಳಿಸ್ಬಿಡಿ" ಅಂದರು. ಆಮೇಲೆ ಮಾವನವರನ್ನು ನೆನಪಿಸಿಕೊಂಡು, "ನಮ್ಮನೆಯವರಿಗೂ ಹೀಗೊಂದು ಗುಂಡಿ ಇದ್ದಿದ್ರೆ ಎಷ್ಟು ಅನುಕೂಲ ಆಗ್ತಿತ್ತು" ಅಂದರು. ಆ ಹುಡುಗಿ ನಗು ತಡೆಯಲಾಗದೆ ಗುಂಡಿಯನ್ನು ತಪ್ಪಾಗಿ ತಿರುಗಿಸಿದ್ದಕ್ಕೆ ನಾಯಿಗೆ ಒಮ್ಮೆಲೇ ಏನೇನೋ ಕಾಯಿಲೆ ಬಂತು. ಪ್ರವೇಶ ನೋಡಿಕೊಳ್ಳುವ ಪ್ರೊಫೆಸರು ಒಳ್ಳೆಯ ಹೆಂಗಸು. ಮೂವತ್ತನಾಲ್ಕನೇ ವಯಸ್ಸಿಗೆ ಯಾಕೆ ಎಂದು ಕೇಳಲಿಲ್ಲ. ನಾನು ಹಿಂದೆ ಓದಿದ ವಿಜ್ಞಾನದ ಪಾಠಗಳನ್ನು ಮತ್ತೆ ಓದಬೇಕಾಗಿಲ್ಲವೆಂದೂ ಒಂದು ವರ್ಷ ಉಳಿಯುತ್ತದೆಂದೂ ಅವರೇ ತಿಳಿಸಿದರು. ಸಂಜೆ ಮನೆಗೆ ಬಂದು ಚೂಟಿಯ ಪಾಠವನ್ನೂ ನೋಡಿಕೊಳ್ಳಬಹುದು. ಓದು ಮುಗಿದ ಮೇಲೆ ಕ್ಲಿನಿಕ್ಕಿನಲ್ಲಿ ತಮ್ಮ ಜೊತೆಗೆ ಇನ್ನೊಂದು ಕುರ್ಚಿ ಹಾಕಿಸುತ್ತೇನೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ. ಅವರು ಓದಿದ್ದೂ ಅಲ್ಲಿಯೇ. ಇಷ್ಟೆಲ್ಲ ಇದ್ದ ಮೇಲೆ ರೈಲಿನ ಕಾಲೇಜನ್ನು ನೋಡುವುದಾದರೂ ಏಕೆ ಎಂದು ಅಣ್ಣ ಕೇಳಿದ. ಟಿಕೆಟ್ಟು ತೆಗೆದಾಗಿತ್ತು, ಚೂಟಿಗೆ ರೈಲು ಹತ್ತಿಸುತ್ತೇನೆಂದು ಮಾತು ಕೊಟ್ಟಾಗಿತ್ತು. ಬೇರೆ ಕಾರಣ ನನ್ನಲ್ಲೂ ಇರಲಿಲ್ಲ.

ರೈಲಿನ ಕಾಲೇಜು ನೋಡಿದ ಕೂಡಲೇ ಮನಸ್ಸು ಸೋಲುವಂಥದ್ದಲ್ಲ. ಇಟ್ಟಿಗೆಯ ಹಳೆಯ ಕಟ್ಟಡಗಳು. ಗ್ರಂಥಾಲಯದ ಒಂದು ಮೂಲೆಯಲ್ಲಿ ಸೋರುವ ನೀರಿಗೆ ಬಕೆಟ್ಟು ಇಟ್ಟಿದ್ದಾರೆ. ಆ ಬಕೆಟ್ಟಿನ ಮೇಲೂ ಗ್ರಂಥಾಲಯದ ಮೊಹರಿದೆ. ಸ್ಕ್ಯಾನ್ ಯಂತ್ರ ಕೆಟ್ಟು, ರಿಪೇರಿಯವನ ದಾರಿ ಕಾಯುತ್ತಿದೆ. ಬೆಕ್ಕು ನಾಯಿಗಳ ವಿಭಾಗ ಎಲ್ಲಿ ಎಂದು ಕೇಳಿದರೆ ಒಂದು ಬಾಗಿಲು ತೋರಿಸಿದರು, ಒಂದೇ ಬಾಗಿಲು. ಉಳಿದದ್ದೆಲ್ಲ ಹಸು, ಕುದುರೆ, ಕುರಿ. ಗಾಳಿಯಲ್ಲಿ ಅದೇ ವಾಸನೆ. ನನಗೆ ಹಸುವೆಂದರೆ ಭಯ, ನಿನಗೆ ಗೊತ್ತು. ಮದುವೆಯಾದ ಹೊಸತರಲ್ಲಿ ರಸ್ತೆಗೆ ಅಡ್ಡ ನಿಂತ ಒಂದು ಹಸುವಿಗೆ ಹೆದರಿ ನಿನ್ನನ್ನು ಇಡೀ ಮಾರುಕಟ್ಟೆ ಸುತ್ತಿಸಿದ್ದೆ. ಬೆಕ್ಕು ಪರಚಿದರೆ ಪರಚಿದಷ್ಟೇ. ಹಸು ಸುಮ್ಮನೆ ಪಕ್ಕಕ್ಕೆ ಸರಿದರೂ ನಾವು ಗೋಡೆಗೆ ಅಂಟಿದ ಚಿತ್ರವಾಗುತ್ತೇವೆ.

ನಮಗೆ ಕಾಲೇಜು ತೋರಿಸಿದವರನ್ನು ವಿದ್ಯಾರ್ಥಿಗಳು ಗುಡುಗು ಮೇಷ್ಟ್ರು ಎನ್ನುತ್ತಾರೆ. ಯಾಕೆಂದರೆ ಅವರ ದನಿ ಎರಡನೇ ಬೆಂಚಿಗೂ ಕೇಳಿಸುವುದಿಲ್ಲ. ಗಿಡ್ಡ ಮನುಷ್ಯ, ಕೋಟಿನ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಥರ್ಮಾಮೀಟರು. ಕುದುರೆಲಾಯದ ಮುಂದೆ ನಿಂತು ಏನೋ ವಿವರಿಸುತ್ತಿದ್ದರು. ಅಷ್ಟರಲ್ಲಿ ಕಾಲೇಜಿನ ಬೇಲಿಯ ಆಚೆಯ ಮನೆಯಿಂದ ಒಬ್ಬ ಹೆಂಗಸು ಓಡಿಬಂದಳು. ನನ್ನದೇ ವಯಸ್ಸು. ನಿನ್ನೆ ಕರು ಹಾಕಿದ ಹಸು ಬೆಳಿಗ್ಗೆಯಿಂದ ಎದ್ದಿಲ್ಲ, ಈಗ ಕರೆದರೂ ತಿರುಗುತ್ತಿಲ್ಲ ಎಂದಳು. ಮೇಷ್ಟ್ರು ಮಾತು ಅರ್ಧಕ್ಕೆ ಬಿಟ್ಟು ನಡೆದರು. ಇಬ್ಬರು ವಿದ್ಯಾರ್ಥಿಗಳು ಪೆಟ್ಟಿಗೆ ಎತ್ತಿಕೊಂಡು ಹಿಂದೆ ಹೋದರು. ನಾನು ಅಲ್ಲೇ ನಿಂತಿದ್ದೆ. ಅವರು ತಿರುಗಿ, "ಬನ್ನಿ, ಕಾಲೇಜು ನೋಡೋಕೆ ತಾನೇ ಬಂದಿದ್ದು?" ಎಂದರು. ಚೂಟಿಯನ್ನು ಕಚೇರಿಯ ಗುಮಾಸ್ತೆಯ ಹತ್ತಿರ ಬಿಟ್ಟು ಹೋದೆ.

ಹಸು ಕೊಟ್ಟಿಗೆಯಲ್ಲಿ ಕುತ್ತಿಗೆ ಹೊರಳಿಸಿ, ತಲೆಯನ್ನು ತನ್ನ ಪಕ್ಕೆಗೆ ಆನಿಸಿಕೊಂಡು ಮಲಗಿತ್ತು. ಮೂಗು ಒಣಗಿತ್ತು. ಮೇಷ್ಟ್ರು ಅದರ ಕಿವಿ ಮುಟ್ಟಿ ನೋಡಿ ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟರು. ಕಿವಿ ತಣ್ಣಗಿತ್ತು, ಫ್ರಿಜ್ಜಿನಿಂದ ತೆಗೆದ ಎಲೆಯ ಹಾಗೆ. ಇದ್ದ ಸುಣ್ಣದ ಅಂಶವೆಲ್ಲ ಒಮ್ಮೆಲೇ ಹಾಲಿಗೆ ಇಳಿದುಬಿಟ್ಟಿದೆ, ರಕ್ತದಲ್ಲಿ ಉಳಿದಿಲ್ಲ, ಅದನ್ನು ನಾಳದ ಮೂಲಕ ವಾಪಸು ಕೊಡಬೇಕು, ಅದೂ ನಿಧಾನವಾಗಿ ಎಂದರು. ಒಬ್ಬ ವಿದ್ಯಾರ್ಥಿ ಬಾಟಲಿ ಎತ್ತಿ ಹಿಡಿದ, ಇನ್ನೊಬ್ಬ ತಲೆ ಹಿಡಿದ, ಮೇಷ್ಟ್ರು ಕುತ್ತಿಗೆಯ ನಾಳದಲ್ಲಿ ಸೂಜಿ ಹಿಡಿದು ಕುಳಿತರು. ಎದೆಗೆ ಕಿವಿ ಕೊಡಲು ಯಾರೂ ಉಳಿದಿರಲಿಲ್ಲ.

"ಹಸು ಅಂದ್ರೆ ಭಯಾನಾ?" ಎಂದು ಕೇಳಿದರು. ನನ್ನ ಮುಖದಲ್ಲೇ ಬರೆದಿತ್ತೆಂದು ಕಾಣುತ್ತದೆ. ಹೌದು ಎಂದೆ. "ಒಳ್ಳೇದು. ಭಯ ಇಲ್ದೇ ಇರೋರು ಬಂದ್ರೆ ಮೊದಲ್ನೇ ವರ್ಷ ಅವರ ಮೂಳೆ ಜೋಡಿಸೋದೇ ಕೆಲಸ ನಮಗೆ. ಎದೆ ಬಡಿತ ಕೇಳೋಕೆ ಬರುತ್ತಾ?" ನಾಯಿ ಬೆಕ್ಕಿನದು ಬರುತ್ತದೆ ಎಂದೆ. "ಇದೂ ಅದೇ. ಸ್ವಲ್ಪ ನಿಧಾನ, ಸ್ವಲ್ಪ ದೊಡ್ಡದು. ಔಷಧಿ ಬೇಗ ಹೋದ್ರೆ ಎದೆ ನಿಂತುಬಿಡುತ್ತೆ. ತಾಳ ತಪ್ಪಿದ್ರೆ ನಿಲ್ಸಿ ಅನ್ನಿ. ಯೋಚನೆ ಮಾಡ್ತಾ ಕೂರಬೇಡಿ."

ಹುಲ್ಲಿನ ಮೇಲೆ ಮಂಡಿಯೂರಿ, ಅದರ ಮುಂಗಾಲಿನ ಸಂದಿಯಲ್ಲಿ ಸ್ಟೆತಸ್ಕೋಪು ಒತ್ತಿದೆ. ಮೊದಲು ನನ್ನ ಎದೆಯೇ ಕೇಳಿಸುತ್ತಿತ್ತು. ಆಮೇಲೆ ಅದರದು ಬಂತು, ಬಹಳ ಒಳಗಿನಿಂದ, ಯಾರೋ ಎರಡು ಮನೆ ಆಚೆ ಹಾಸಿಗೆ ಬಡಿಯುತ್ತಿರುವ ಹಾಗೆ. ಔಷಧಿ ಹೋಗುತ್ತಾ ಹೋಗುತ್ತಾ ಬಡಿತ ಗಟ್ಟಿಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಎಲ್ಲೋ ಒಂದು ಪೆಟ್ಟು ಬೀಳಬೇಕಾದಲ್ಲಿ ಬೀಳಲಿಲ್ಲ. ಅಥವಾ ನನಗೆ ಹಾಗನ್ನಿಸಿತು. "ನಿಲ್ಸಿ!" ಎಂದೆ. ಎಷ್ಟು ಜೋರಾಗಿ ಎಂದರೆ, ಅಷ್ಟು ಹೊತ್ತು ಅಲ್ಲಾಡದ ಹಸು ಕಿವಿ ಕೊಡವಿತು. ಮೇಷ್ಟ್ರು ಆ ಕ್ಷಣವೇ ಕೊಳವೆ ಹಿಸುಕಿ ಹಿಡಿದರು. ಯಾರೂ "ಖಂಡಿತಾನಾ?" ಎಂದು ಕೇಳಲಿಲ್ಲ. ನೀನು ಯಾರೆಂದೂ ಕೇಳಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಾ ಕುಳಿತರು. ಹಸುವಿನ ಒಡತಿ ತನ್ನ ಸ್ವೆಟರಿನ ತೋಳನ್ನು ಹಲ್ಲಿನಿಂದ ಕಚ್ಚಿಕೊಂಡು ನಿಂತಿದ್ದಳು. ಬಡಿತ ಒಂದೇ ಸಮ ಬರುವವರೆಗೆ ಕಾದೆ. "ಈಗ ಬಿಡಿ" ಎಂದೆ. ಬಿಟ್ಟರು, ಮೊದಲಿಗಿಂತ ನಿಧಾನವಾಗಿ.

ಬಾಟಲಿ ಮುಗಿಯುವ ಹೊತ್ತಿಗೆ ಹಸುವಿನ ಮೈಯೆಲ್ಲ ನಡುಗಲು ಶುರುವಾಯಿತು. ನಾನು ಹೆದರಿದೆ. ಅದೇ ಒಳ್ಳೆಯ ಲಕ್ಷಣವಂತೆ. ಒಂದು ದೊಡ್ಡ ತೇಗು ತೇಗಿತು. ನನ್ನ ಬೂಟಿನ ಮೇಲೆ ಸಗಣಿ ಹಾಕಿತು. ನಾವು ಸಾಮಾನು ಕಟ್ಟುತ್ತಿರುವಾಗ ಹಿಂದಿನ ಭಾಗ ಎತ್ತಿ, ಒಮ್ಮೆ ತೂರಾಡಿ, ಎದ್ದು ನಿಂತು, ಏನೂ ಆಗಿಲ್ಲವೆಂಬಂತೆ ಕರುವಿನ ಕಡೆ ನೋಡಿತು. ಒಡತಿ ನಗುತ್ತಾ ನನ್ನ ಬೂಟು ತೊಳೆಯಲು ಬಗ್ಗಿದಳು. ನಾನು ಬೇಡವೆನ್ನುತ್ತಾ ಅವಳ ಕೈ ಹಿಡಿದು ಎಬ್ಬಿಸಿದೆ. ವಾಪಸು ಬರುವಾಗ ಮೇಷ್ಟ್ರನ್ನು ಕೇಳಿದೆ, ನಿಜವಾಗಿಯೂ ತಾಳ ತಪ್ಪಿತ್ತೇ, ನಾನು ಭಯಕ್ಕೆ ಹಾಗಂದೆನೇ ಎಂದು. "ನಂಗೇನು ಗೊತ್ತು? ಕಿವಿ ನಿಮ್ಮ ಹತ್ರ ಇತ್ತು" ಎಂದರು. ಅಷ್ಟೇ.

ಕಚೇರಿಗೆ ಬಂದರೆ ಚೂಟಿ ಅಂಗಳದಲ್ಲಿ ಒಂದು ಮೇಕೆಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಹೊಸ ಟೋಪಿಯ ಅಂಚು ಮೇಕೆಯ ಹೊಟ್ಟೆ ಸೇರಿತ್ತು. ಇಬ್ಬರೂ ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವವರಂತೆ ಕಾಣುತ್ತಿದ್ದರು. ಆಗ ನನಗೆ ಹೊಳೆದದ್ದು ಇದು. ಕೊಟ್ಟಿಗೆಯಲ್ಲಿ ಇದ್ದಷ್ಟು ಹೊತ್ತು ನನಗೆ ಚೂಟಿ ನೆನಪಾಗಿರಲಿಲ್ಲ. ನೀನೂ ನೆನಪಾಗಿರಲಿಲ್ಲ, ಅತ್ತೆಯ ಮಾತ್ರೆಯೂ ವಾಪಸು ರೈಲಿನ ಸಮಯವೂ ಕೂಡ. ಬಸ್ಸಿನ ಕಾಲೇಜಿನಲ್ಲಿ ಅಷ್ಟೆಲ್ಲ ಚೆಂದದ್ದು ನೋಡುತ್ತಿದ್ದಾಗಲೂ ನಾನು ಒಳಗೊಳಗೇ ಸಂಜೆಯ ಬಸ್ಸಿನ ಲೆಕ್ಕ ಹಾಕುತ್ತಿದ್ದೆ. ರೈಲಿನಲ್ಲಿ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಮಗಳನ್ನು ಮರೆಯುವಷ್ಟು ಹಿಡಿಸಿದ ಕೆಲಸ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ಹಿಡಿಸಿತು ಎಂಬುದು ಮಾತ್ರ ತಿಳಿಯಿತು. ಪ್ಲಾಸ್ಟಿಕ್ಕಿನ ನಾಯಿಯ ಬಗ್ಗೆ ಹಗುರವಾಗಿ ಮಾತನಾಡುತ್ತಿದ್ದೇನೆ ಅಂದುಕೊಳ್ಳಬೇಡ. ಕಲಿಯುವವರು ಅದರ ಮೇಲೆ ತಪ್ಪು ಮಾಡುವುದೇ ಮೇಲು, ಯಾರಿಗೂ ನೋವಾಗುವುದಿಲ್ಲ. ಬಸ್ಸಿನ ಕಾಲೇಜಿನಲ್ಲಿ ಕಲಿತವರೇ ನಮ್ಮ ಡಾಕ್ಟರಮ್ಮ, ಅವರಂಥ ಕೈ ನಾನು ಬೇರೆ ಕಂಡಿಲ್ಲ.

ಅದಾದ ಮೇಲಿನ ಭಾನುವಾರ ಅಣ್ಣ, ಅತ್ತಿಗೆ ಬಂದರು. ಅಣ್ಣ ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟ. "ಮಗು ಇರೋಳು ನೀನು. ಗಂಡ ನೋಡಿದ್ರೆ ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ. ಕಣ್ಣು ಮುಚ್ಕೊಂಡು ಹತ್ತಿರದ್ದಕ್ಕೆ ಸೇರ್ಕೋ." ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ತಟ್ಟೆ ಹಾಕಿದೆ. ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವರು ತಲೆ ಎತ್ತದೆಯೇ, "ನನ್ನ ಮಗ ಹಡಗು ಹತ್ತೋವಾಗ ಹತ್ತಿರದ ಸಮುದ್ರ ಯಾವ್ದಪ್ಪಾ ಅಂತ ಯಾರೂ ಕೇಳ್ಲಿಲ್ಲ" ಎಂದರು. ಅಣ್ಣನಿಗೆ ಆಮೇಲೆ ಊಟದ ಮೇಲೆ ಬಹಳ ಗಮನ ಬಂತು. ಅತ್ತೆಗೆ ಎಲ್ಲ ಒಪ್ಪಿಗೆಯೆಂದು ನಾನು ಹಿಗ್ಗಿ, ಎಲ್ಲರೂ ಅಲ್ಲಿಗೇ ಮನೆ ಮಾಡೋಣವೇ ಎಂದು ಕೇಳಿದೆ. "ನಾನು ಈ ಮನೆ ಬಿಟ್ಟು ಬರಲ್ಲ. ನೀನು ಹೋಗೋದು ಬೇರೆ ಮಾತು, ನನ್ನ ಹೊತ್ಕೊಂಡು ಹೋಗೋದು ಬೇರೆ ಮಾತು" ಎಂದು ಅದೇ ದನಿಯಲ್ಲಿ ಹೇಳಿ ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು.

ಡಾಕ್ಟರಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ರೈಲಿನ ಕಾಲೇಜಿಗೆ ಹೋದರೆ ನಾನು ಹಸು ಕುದುರೆಗಳ ಡಾಕ್ಟರಾಗುತ್ತೇನೆ, ಅವರ ಪಕ್ಕದ ಕುರ್ಚಿಗೆ ಬರುವುದಿಲ್ಲ. ಅವರಿಗೆ ಅದು ನಾನು ಹೇಳುವ ಮೊದಲೇ ಅರ್ಥವಾಯಿತು. "ಬೆಕ್ಕು ನಾಯಿ ಬೇಜಾರಾಯ್ತಾ ನಿಂಗೆ?" ಎಂದು ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಬೇಜಾರಾಗಿಲ್ಲ. ಆ ಬೆಳಿಗ್ಗೆಯೆಲ್ಲ ಕತ್ತರಿ ಬೇಕಾದರೆ ಅವರು ಕೈ ಮಾತ್ರ ಚಾಚಿದರು. ಮಧ್ಯಾಹ್ನ ಒಂದು ಬೆಕ್ಕಿನ ಕಿವಿ ಶುಚಿಮಾಡುತ್ತಾ, ನಾನು ಬೆಕ್ಕಿನ ನಾಲ್ಕೂ ಕಾಲು ಹಿಡಿದುಕೊಂಡಿದ್ದಾಗ, "ಅಲ್ಲಿ ಚಳಿ ಜಾಸ್ತಿ. ಉಣ್ಣೆಯ ಒಳಉಡುಪು ತಗೊಂಡು ಹೋಗು, ನಾಚ್ಕೋಬೇಡ" ಎಂದರು. ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹೀಗೆ ಆಯಿತು. ಶುಕ್ರವಾರ ರೈಲಿನ ಕಾಲೇಜಿಗೆ ಬರುತ್ತೇನೆಂದು ತಿಳಿಸಿದೆ, ಬಸ್ಸಿನ ಕಾಲೇಜಿನ ಪ್ರೊಫೆಸರಿಗೆ ಫೋನು ಮಾಡಿ ಬರುವುದಿಲ್ಲವೆಂದೆ. ಅವರು ಕಾರಣ ಕೇಳಿದರು. ಕರು ಹಾಕಿ ಏಳಲಾರದೆ ಮಲಗಿದ್ದ ಒಂದು ಹಸುವಿನ ಕಾರಣಕ್ಕೆ ಎಂದೆ. ಅವರು, ಅದು ಹೆಣ್ಣು ಕರು ಹಾಕಿತ್ತೋ ಗಂಡೋ ಎಂದು ಕೇಳಿದರು. ನಾನು ನೋಡಿಯೇ ಇರಲಿಲ್ಲ. ಅಂಥವರ ಕೈಕೆಳಗೆ ಕಲಿಯದೆ ಹೋಗುತ್ತಿದ್ದೇನಲ್ಲ ಎಂದು ಫೋನಿಟ್ಟ ಮೇಲೆ ಬೇಸರವಾಯಿತು. ಈಗಲೂ ಇದೆ. ಚೂಟಿ ಮಾತ್ರ ನೆಟ್ಟಗೆ ವಿಷಯಕ್ಕೇ ಬಂದಳು. "ಬಸ್ಸಿನ ಕಾಲೇಜಾದ್ರೆ ನೀನು ದಿನಾ ಬರ್ತಿದ್ದೆ. ರೈಲಿನ ಕಾಲೇಜಾದ್ರೆ ನಾನು ಎಲ್ಲಿರ್ತೀನಿ?" ಎಂದು ಕೇಳಿದಳು. ತನ್ನ ಶಾಲೆಯನ್ನೂ ಪಕ್ಕದ ಬೆಂಚಿನ ಗೆಳತಿಯನ್ನೂ ಬಿಟ್ಟು ಬರುವುದಿಲ್ಲವೆಂದು ತಾನೇ ಮೊದಲು ಹೇಳಿಬಿಟ್ಟಿದ್ದಳು, ಅಜ್ಜಿಯ ಮೊಮ್ಮಗಳಲ್ಲವೇ. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತೇನೆ ಎಂದೆ. ನಡುವಿನ ದಿನಗಳನ್ನು ಅವಳು ಬೆರಳಿನಲ್ಲಿ ಎಣಿಸಿ, ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದಳು. ನಾನು ಆ ಬೆರಳುಗಳಿಗೆ ಮುತ್ತು ಕೊಟ್ಟೆ. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು.

ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು, ಮಗುವಾದ ಸುದ್ದಿ ಬಂದ ಆ ಅಡುಗೆಯವರಿಗೆ ವಿಶೇಷವಾಗಿ. ಅತ್ತೆ ನಿನಗೆ ಒಳ್ಳೆಯದಾಗಲಿ ಎಂದು ಹೇಳಿ, ಗಡ್ಡ ತೆಗೆ ಎಂದೂ ಸೇರಿಸಿದ್ದಾರೆ. ಚೂಟಿ ಇದರ ಜೊತೆಗೆ ಇಟ್ಟಿರುವ ಚಿತ್ರದಲ್ಲಿ ಕಪ್ಪಗಿರುವುದು ಮೇಕೆ, ನಾನಲ್ಲ. ನೀರು ಶಾಂತವಾಗಿರಲಿ, ನಿನ್ನ ಎಂಜಿನ್ನುಗಳು ತಕರಾರು ಮಾಡದಿರಲಿ.

ಇಂತು, ನಿನ್ನ
ಚೂಟಿಯಮ್ಮ

ತಾಜಾಕಲಂ: ಕೆಳಮನೆಯವರು ಅಂಚೆಗೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ನಿಮ್ಮ ಕ್ಯಾಪ್ಟನ್ ನಿನ್ನನ್ನು ಹಡಗಿನಲ್ಲಿ ಇನ್ನೊಂದು ಪ್ರಯಾಣಕ್ಕೆ ಉಳಿಯಲು ಕೇಳಿದ್ದಾರಂತೆ, ನಿನ್ನ ಗೆಳೆಯನ ಹೆಂಡತಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದಳು. ನೀನು ಯೋಚಿಸುತ್ತಿರಬಹುದು. ಒಪ್ಪಬೇಡ. ನಮ್ಮೂರ ಬಂದರಿನ ರಿಪೇರಿ ಶೆಡ್ಡಿನವರಿಗೆ ಎಂಜಿನ್ ಬಲ್ಲವರು ಬೇಕಾಗಿದ್ದಾರೆ, ಹೋಗಿ ಕೇಳಿ ಬಂದೆ, ನಿನ್ನ ಹೆಸರು ಹೇಳಿದ್ದೇನೆ. ಮಾವನವರ ಕಾಯಿಲೆಯಲ್ಲಾಗಲಿ, ಚೂಟಿ ಹುಟ್ಟುವಾಗಲಾಗಲಿ ನಿನ್ನನ್ನು ಬಾ ಎಂದು ಕರೆದವಳಲ್ಲ ನಾನು, ನಿನಗೆ ಗೊತ್ತು. ಈಗ ಕರೆಯುತ್ತಿದ್ದೇನೆ. ಕಾಲೇಜು ಶುರುವಾಗುವ ಮುಂಚೆ ಇಳಿದು ಬಾ. ಚೂಟಿಗೆ ಜಡೆ ಹಾಕುವುದನ್ನು ನಿನಗೆ ಕಲಿಸಿಕೊಟ್ಟೇ ಹೋಗುತ್ತೇನೆ.